ಎಷ್ಟನೆಯ ದಿನ?

2021ರ ಮೇ ತಿಂಗಳ ಎರಡನೆಯ ವಾರ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ನನ್ನದಾಗಿತ್ತು. ಎರಡು ಗಂಟೆ ದಾಟಿದ ಮೇಲೆ ವಾರ್ಡ್ ಬಾಯ್ ಬಂದು ಕೋವಿಡ್ ವಾರ್ಡಿನ ಸ್ಯಾಂಪಲ್ ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಬೆಲ್ ಒತ್ತಿ, ದೂರ ಸರಿದು ನಿಂತ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಹೊಸ ಪ್ರಕರಣಗಳು ದಾಖಲಾಗಿದ್ದವು. ಅದರ ಬಿಸಿ ನಮ್ಮಂಥ ಊರಿನ ಆಸ್ಪತ್ರೆಗೆ ತಟ್ಟಿದ್ದು ಆ ವಾರವೇ. ಡಬ್ಬಿ ತೆರೆದು ನೇರಳೆ ಮುಚ್ಚಳದ ಟ್ಯೂಬುಗಳನ್ನು ಒಂದು ಕಡೆ, ಹಳದಿಯವನ್ನು ಇನ್ನೊಂದು ಕಡೆ, ನೀಲಿಯವನ್ನು ಮತ್ತೊಂದು ಕಡೆ ಜೋಡಿಸುತ್ತಾ ಹೋದೆ. ನಾಲ್ಕನೆಯ ನೇರಳೆ ಟ್ಯೂಬಿನ ಚೀಟಿಯ ಮೇಲೆ ನನ್ನ ದೊಡ್ಡಮ್ಮನ ಹೆಸರಿತ್ತು.

ಸಂಜೆ ಅವರನ್ನು ದಾಖಲು ಮಾಡಿದ್ದು ನನಗೆ ಗೊತ್ತಿತ್ತು. ತಮ್ಮ ಫೋನ್ ಮಾಡಿದ್ದ. ಜ್ವರ ಬಿಟ್ಟು ಮತ್ತೆ ಬಂದಿದೆ, ಬೆರಳಿಗೆ ಹಾಕುವ ಯಂತ್ರ 89 ತೋರಿಸುತ್ತಿದೆ ಎಂದಿದ್ದ. ಆದರೂ ಆ ಟ್ಯೂಬನ್ನು ಕೈಯಲ್ಲಿ ಹಿಡಿದಾಗ, ಚಿಕ್ಕಂದಿನಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚಿದ ಕೈಯಿಂದ ತೆಗೆದ ರಕ್ತ ಇದು ಎಂಬ ಯೋಚನೆ ಬಂದು ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ಎಲ್ಲ ಟ್ಯೂಬುಗಳಿಗೂ ಮಾಡುವುದನ್ನೇ ಅದಕ್ಕೂ ಮಾಡಿದೆ. ಎಂಟು ಸಲ ಮೆಲ್ಲಗೆ ಮಗುಚಿ ಯಂತ್ರಕ್ಕೆ ಕೊಟ್ಟೆ.

ಬಿಳಿ ರಕ್ತಕಣಗಳ ಒಟ್ಟು ಸಂಖ್ಯೆ 7,200. ನೋಡಿದರೆ ಏನೂ ತೊಂದರೆಯಿಲ್ಲದ ಲೆಕ್ಕ. ಅದರ ಕೆಳಗೆ, ಬಿಳಿ ಕಣಗಳಲ್ಲೇ ಒಂದು ಬಗೆಯಾದ ಲಿಂಫೋಸೈಟ್ ಶೇ 6, ಪಕ್ಕದಲ್ಲಿ ಎಚ್ಚರಿಕೆಯ ಗುರುತು. ಹಾಗೆ ಗುರುತು ಬಿದ್ದರೆ ಕಣ್ಣಿನಿಂದಲೇ ಎಣಿಸಿ ನೋಡಬೇಕು ಎಂಬುದು ನಮ್ಮಲ್ಲಿನ ನಿಯಮ. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ರಕ್ತವಿಟ್ಟು, ಇನ್ನೊಂದು ಸ್ಲೈಡಿನ ಅಂಚಿನಿಂದ ನಾಲಿಗೆಯ ಆಕಾರಕ್ಕೆ ಎಳೆದೆ. ಒಣಗಿದ ಮೇಲೆ ಲೀಷ್ಮನ್ ಬಣ್ಣ ಸುರಿದು ಎರಡು ನಿಮಿಷ ಬಿಟ್ಟೆ. ಬಫರ್ ನೀರು ಬೆರೆಸಿ ಮತ್ತೆ ಹತ್ತು ನಿಮಿಷ ಕಾದೆ. ಬಣ್ಣದ ಮೇಲೆ ತೇಲುವ ಹೊಳಪಿನ ಪೊರೆಯನ್ನು ನಲ್ಲಿಯ ನೀರು ತೊಳೆದುಕೊಂಡು ಹೋದಾಗ ಗಾಜು ತಿಳಿ ಗುಲಾಬಿಯಾಗಿತ್ತು.

ಸೂಕ್ಷ್ಮದರ್ಶಕದಡಿ ಸ್ಲೈಡಿನ ಬಾಲದ ಕಡೆಯಿಂದ ಹೊರಟೆ. ನ್ಯೂಟ್ರೋಫಿಲ್ ಎಂಬ ಕಣದ ಬೀಜ ಮೂರು ನಾಲ್ಕು ಹೋಳುಗಳಾಗಿ, ತೆಳುವಾದ ದಾರದಲ್ಲಿ ಕಟ್ಟಿದ ಹಾಗಿರುತ್ತದೆ. ಲಿಂಫೋಸೈಟ್ ಹಾಗಲ್ಲ. ದುಂಡಗೆ, ಚಿಕ್ಕದಾಗಿ, ಹಣ್ಣಾದ ನೇರಳೆಯ ಬಣ್ಣದ ಒಂದೇ ಬೀಜ, ಅದರ ಸುತ್ತ ಕೂದಲೆಳೆಯಷ್ಟು ತಿಳಿ ನೀಲಿ ಅಂಚು. ಆರೋಗ್ಯವಾಗಿರುವವರ ರಕ್ತದಲ್ಲಿ ನೂರು ಬಿಳಿ ಕಣ ಎಣಿಸಿದರೆ ಇಪ್ಪತ್ತರಿಂದ ನಲವತ್ತು ಇವೇ ಇರುತ್ತವೆ, ಹುಡುಕುವುದೇ ಬೇಡ. ಆ ರಾತ್ರಿ ದೊಡ್ಡಮ್ಮನ ಸ್ಲೈಡಿನಲ್ಲಿ ಮೊದಲ ಲಿಂಫೋಸೈಟ್ ಸಿಗುವಷ್ಟರಲ್ಲಿ ನಾನು ಹತ್ತೊಂಬತ್ತು ನ್ಯೂಟ್ರೋಫಿಲ್‌ಗಳನ್ನು ದಾಟಿದ್ದೆ. ನೂರು ಮುಗಿದಾಗ ಲೆಕ್ಕ ಹೀಗಿತ್ತು: ನ್ಯೂಟ್ರೋಫಿಲ್ 90, ಮೋನೋಸೈಟ್ 4, ಲಿಂಫೋಸೈಟ್ 6. ನಮ್ಮ ಹಳ್ಳಿಗಳ ಕಡೆಯವರ ರಕ್ತದಲ್ಲಿ ಎರಡೋ ಮೂರೋ ಇದ್ದೇ ಇರುವ ಕಿತ್ತಳೆ ಬಣ್ಣದ ಇಯೋಸಿನೋಫಿಲ್ ಒಂದೂ ಇರಲಿಲ್ಲ.

ಬೆರಳೆಣಿಕೆಯ ರೂಪಾಯಿಗಳ ಪರೀಕ್ಷೆ ಅದು. ಆಮೇಲೆ ಮಾಡಿದ ಸಾವಿರಾರು ರೂಪಾಯಿಯ ಪರೀಕ್ಷೆಗಳು ಈ ಆರು ಕಣಗಳು ಹೇಳಿದ್ದಕ್ಕೆ ಹೆಚ್ಚೇನನ್ನೂ ಸೇರಿಸಲಿಲ್ಲ ಎಂಬುದು ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನನ್ನ ಅಭಿಪ್ರಾಯ. 2003ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಸಾರ್ಸ್ ಎಂಬ ಶ್ವಾಸಕೋಶದ ಕಾಯಿಲೆ ಹಬ್ಬಿದಾಗ ಅಲ್ಲಿನ ವೈದ್ಯರು ರೋಗಿಗಳ ಲಿಂಫೋಸೈಟ್ ಕುಸಿಯುವುದನ್ನು ಕಂಡಿದ್ದರು. 2020ರ ಜನವರಿಯಲ್ಲಿ ವುಹಾನ್‌ನ ಮೊದಲ 41 ರೋಗಿಗಳ ವಿವರ ಪ್ರಕಟವಾದಾಗ ಅವರಲ್ಲಿ 26 ಮಂದಿಗೆ ಇದೇ ಕೊರತೆ ಇತ್ತು. ಈ ಕಣಗಳು ಎಲ್ಲಿಗೆ ಹೋಗುತ್ತವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ರಕ್ತ ಬಿಟ್ಟು ಶ್ವಾಸಕೋಶದೊಳಗೆ ಇಳಿಯುತ್ತವೆ, ಕೆಲವು ದಣಿದು ಅಲ್ಲೇ ಸಾಯುತ್ತವೆ, ಹೊಸದಾಗಿ ಹುಟ್ಟುವುದೂ ತಡವಾಗುತ್ತದೆ. ವೈರಸ್ ಹೊಕ್ಕ ಜೀವಕೋಶವನ್ನು ಗುರುತು ಹಿಡಿದು ಕೊಲ್ಲುವ ಕೆಲಸ ಇವುಗಳದ್ದು. ಆ ಕೆಲಸದವರು ಕಡಿಮೆಯಾಗಿ, ಸಿಕ್ಕಿದ್ದಕ್ಕೆಲ್ಲ ಕೈಹಚ್ಚುವ ನ್ಯೂಟ್ರೋಫಿಲ್‌ಗಳ ಗುಂಪೇ ಹೆಚ್ಚಾದರೆ ಮುಂದೇನಾಗುತ್ತದೆ ಎಂಬುದನ್ನು ನಾವು ಆ ತಿಂಗಳಲ್ಲಿ ದಿನವೂ ನೋಡಿದೆವು. ಎರಡರ ಅನುಪಾತ ಸಾಮಾನ್ಯವಾಗಿ ಒಂದರಿಂದ ಮೂರರ ಒಳಗಿರುತ್ತದೆ. ದೊಡ್ಡಮ್ಮನದು ಹದಿನೈದು.

ಹಳದಿ ಮುಚ್ಚಳದ ಟ್ಯೂಬಿನಿಂದ ಬಂದ, ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ 112. ಹತ್ತರ ಒಳಗಿದ್ದರೆ ನಾವು ಸುಮ್ಮನಿರುತ್ತೇವೆ.

ಸಿಆರ್‌ಪಿ ಎಂಬ ಮೂರಕ್ಷರ ಆ ದಿನಗಳಲ್ಲಿ ಅಂಗಡಿ ಕಟ್ಟೆಯ ಮಾತಾಗಿತ್ತು. ಇದು ಗೊತ್ತಾದದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋಕಾಕಸ್ ಬ್ಯಾಕ್ಟೀರಿಯಾದಿಂದ ಬೇರ್ಪಡಿಸಿದ 'ಸಿ' ಎಂಬ ಸಕ್ಕರೆಯಂಥ ಭಾಗವನ್ನು ರೋಗಿಗಳ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಜೊತೆ ಬೆರೆಸಿದರು. ಕಾಯಿಲೆ ಜೋರಾಗಿದ್ದವರ ಸೀರಂ ಗರಣೆ ಕಟ್ಟಿತು. ಅದೇ ರೋಗಿ ಚೇತರಿಸಿಕೊಂಡ ಮೇಲೆ ಗರಣೆ ಕಟ್ಟುವುದು ನಿಂತಿತು. 'ಸಿ'ಗೆ ಪ್ರತಿಕ್ರಿಯಿಸುವ ಪ್ರೋಟೀನ್ ಎಂಬ ಹೆಸರು ಹುಟ್ಟಿದ್ದು ಹಾಗೆ. ಫ್ರಾನ್ಸಿಸ್ ಅವರೇ ಮುಂದೆ ಇನ್‌ಫ್ಲುಯೆನ್ಜಾ ವೈರಸ್ಸುಗಳ ಕಡೆಗೆ ತಿರುಗಿ 1940ರಲ್ಲಿ ಅದರ 'ಬಿ' ಬಗೆಯನ್ನು ಬೇರ್ಪಡಿಸಿದರು. ಹೀಗೆ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಹುಟ್ಟಿದ ಪರೀಕ್ಷೆ ತೊಂಬತ್ತು ವರ್ಷದ ನಂತರ ವೈರಸ್ಸಿನ ನ್ಯುಮೋನಿಯಾಕ್ಕೆ ಮನೆಮಾತಾಯಿತು.

ಇದು ವೈರಸ್ಸನ್ನೂ ಕಾಣುವುದಿಲ್ಲ, ಶ್ವಾಸಕೋಶವನ್ನೂ ಕಾಣುವುದಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ಇದನ್ನು ತಯಾರಿಸುವುದು ಯಕೃತ್ತು. ಉರಿಯೂತದ ಜಾಗದಲ್ಲಿರುವ ಕಣಗಳು ಇಂಟರ್‌ಲ್ಯೂಕಿನ್-6 (ಐಎಲ್-6) ಎಂಬ ಸಂದೇಶದ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ಜಪಾನಿನ ಒಸಾಕಾದಲ್ಲಿ ತಡಾಮಿತ್ಸು ಕಿಶಿಮೊಟೊ, ತೋಶಿಯೋ ಹಿರಾನೊ ಮತ್ತು ಸಂಗಡಿಗರು ಅದರ ಜೀನನ್ನು 1986ರಲ್ಲಿ ಗುರುತಿಸಿದ್ದರು. ಆ ಸಂದೇಶ ಯಕೃತ್ತಿಗೆ ಮುಟ್ಟಿದ ಕೆಲವೇ ಗಂಟೆಗಳಲ್ಲಿ ಸಿಆರ್‌ಪಿ ಏರತೊಡಗುತ್ತದೆ. ಸಂದೇಶ ನಿಂತರೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಎಲ್ಲೋ ನಡೆದದ್ದನ್ನು ಯಕೃತ್ತು ಯಾರಿಂದಲೋ ಕೇಳಿ ಹೇಳಿದ ವರದಿ ಅದು. ಈ ಮಾತನ್ನು ನಾನು ಆಗಲೇ ಸರಿಯಾಗಿ ಮನಸ್ಸಿಗೆ ತಂದುಕೊಂಡಿದ್ದರೆ ಒಬ್ಬ ಹೆಣ್ಣುಮಗಳಿಗೆ ಸುಳ್ಳು ಭರವಸೆ ಕೊಡುತ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ದಿನ ದೊಡ್ಡಮ್ಮನ ರಕ್ತ ತೆಗೆಯಲು ನಾನೇ ವಾರ್ಡಿಗೆ ಹೋದೆ. ಹಿಂದಿನ ದಿನದ ಸ್ಯಾಂಪಲ್ ಹಿಮೊಲೈಸ್ ಆಗಿತ್ತು. ಸೆಂಟ್ರಿಫ್ಯೂಜಿನಿಂದ ಹೊರತೆಗೆದಾಗ ಹುಲ್ಲಿನ ಹಳದಿಯಲ್ಲಿರಬೇಕಾದ ಸೀರಂ ಕೋಕಂ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು. ಕೆಂಪು ಕಣಗಳು ಒಡೆದರೆ ಅವುಗಳ ಒಳಗಿರುವ ಎಲ್‌ಡಿಎಚ್ ಎಂಬ ಕಿಣ್ವ ಸೀರಂಗೆ ಸೇರಿ ಲೆಕ್ಕ ಏರುತ್ತದೆ. ಎಲ್‌ಡಿಎಚ್ ಏರಿದರೆ ಶ್ವಾಸಕೋಶದ ಜೀವಕೋಶಗಳು ಸಾಯುತ್ತಿವೆ ಎಂದು ಅರ್ಥ ಮಾಡಿಕೊಳ್ಳುತ್ತಿದ್ದ ದಿನಗಳವು. ನಿಜವಾಗಿ ಸತ್ತದ್ದು ಶ್ವಾಸಕೋಶದ ಕಣವೋ, ಸೂಜಿಯಲ್ಲಿ ಸಿಕ್ಕಿ ಒಡೆದ ಕೆಂಪು ಕಣವೋ ಎಂಬುದನ್ನು ಕಾಗದದ ಮೇಲಿನ ಅಂಕಿ ಹೇಳುವುದಿಲ್ಲ. ಆ ತಿಂಗಳಲ್ಲಿ ಇಂಥ ಸ್ಯಾಂಪಲ್‌ಗಳು ಎಂದಿಗಿಂತ ಹೆಚ್ಚು ಬರುತ್ತಿದ್ದವು. ಏಕೆಂದು ವಾರ್ಡಿಗೆ ಹೋದ ಮೇಲೆ ತಿಳಿಯಿತು. ಎರಡು ಜೊತೆ ಕೈಗವಸು, ಕನ್ನಡಕದ ಒಳಗೆ ಹಬೆ, ಬೆನ್ನಿನಲ್ಲಿ ಹರಿಯುವ ಬೆವರು. ಬೆರಳ ತುದಿಗೆ ರಕ್ತನಾಳವೇ ಸಿಗುವುದಿಲ್ಲ. ಅಂದಾಜಿನಲ್ಲಿ ಚುಚ್ಚಿ ಜೋರಾಗಿ ಎಳೆದರೆ ಕಣ ಒಡೆಯುತ್ತದೆ. ಅಲ್ಲಿಯವರೆಗೆ ನಾನು ಸಿಸ್ಟರ್‌ಗಳ ಮೇಲೆ ಗೊಣಗಿದ್ದೆ. ಅವತ್ತೇ ನಿಲ್ಲಿಸಿದೆ.

ದೊಡ್ಡಮ್ಮ ಬೋರಲು ಮಲಗಿದ್ದರು. ಮೂಗಿಗೆ ಮಾಸ್ಕ್, ಗೋಡೆಯ ಬಾಟಲಿಯಲ್ಲಿ ಆಮ್ಲಜನಕ ಗುಳುಗುಳು ಎನ್ನುತ್ತಿತ್ತು. ಆ ವೇಷದಲ್ಲಿ ನನ್ನ ಗುರುತು ಸಿಗಲಿಲ್ಲ. ಧ್ವನಿ ಕೇಳಿ ಗೊತ್ತಾಯಿತು. ರಕ್ತ ತೆಗೆಯುವಾಗ ಕೇಳಿದರು:

"ಪುಟ್ಟೀ, ಜ್ವರ ಬಂದು ಹತ್ತು ದಿನವಾಯಿತು. ಆ ಹುಳು ಇನ್ನೂ ಒಳಗಿದೆಯೇ?"

"ಹುಳ ಕಡಿಮೆಯಾಗಿರುತ್ತದೆ ದೊಡ್ಡಮ್ಮ. ಈಗ ತೊಂದರೆ ಕೊಡುತ್ತಿರುವುದು ಅದನ್ನು ಓಡಿಸಲು ಬಂದ ನಿಮ್ಮದೇ ರಕ್ತದ ಕಣಗಳು."

ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು ಹೇಳಿದರು: "ಹಂದಿ ಓಡಿಸಲು ಹೋದವರು ಗದ್ದೆ ತುಳಿದ ಹಾಗಾಯಿತು ಎನ್ನು."

ಅವರ ಗದ್ದೆ ಕಾಡಿನ ಅಂಚಿನಲ್ಲಿದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಬರುತ್ತದೆ. ಹತ್ತು ಜನ ಡಬ್ಬ ಬಡಿಯುತ್ತಾ, ದೊಂದಿ ಹಿಡಿದು ಕತ್ತಲಲ್ಲಿ ನುಗ್ಗುತ್ತಾರೆ. ಬೆಳಗಾದ ಮೇಲೆ ಹೋಗಿ ನೋಡಿದರೆ ಹಂದಿ ತಿಂದದ್ದಕ್ಕಿಂತ ಕಾಲಡಿಗೆ ಸಿಕ್ಕಿ ಮಲಗಿದ ಪೈರೇ ಹೆಚ್ಚಿರುತ್ತದೆ. ಈ ಕಾಯಿಲೆಯ ಎರಡನೆಯ ವಾರವನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದ ಮಾತನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ.

ಮೊದಲ ವಾರ ಹಂದಿಯದ್ದು. ಆಗ ಬೇಕಾದದ್ದು ಬೇಗ ಏಳುವ ಕೂಗು. ದೇಹದಲ್ಲಿ ಆ ಕೂಗಿನ ಹೆಸರು ಇಂಟರ್‌ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಅದನ್ನು ಕಂಡುಹಿಡಿದರು. ವೈರಸ್ ಹೊಕ್ಕ ಜೀವಕೋಶ ಅಕ್ಕಪಕ್ಕದವರಿಗೆ ಬಾಗಿಲು ಹಾಕಿಕೊಳ್ಳಿ ಎಂದು ಕೊಡುವ ಸೂಚನೆ ಅದು. ಆ ಕೂಗು ತಡವಾದರೆ ಹಂದಿ ಗದ್ದೆಯ ನಡುವಿಗೇ ಬಂದಿರುತ್ತದೆ, ಆಮೇಲೆ ಏಳುವ ಗದ್ದಲವೂ ಅಷ್ಟೇ ದೊಡ್ಡದಾಗಿರುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕೋವಿಡ್ ನ್ಯುಮೋನಿಯಾ ಆಗಿದ್ದ 987 ಮಂದಿಯಲ್ಲಿ 101 ಮಂದಿಗೆ ಸ್ವಂತ ಇಂಟರ್‌ಫೆರಾನನ್ನೇ ಕಟ್ಟಿಹಾಕುವ ಪ್ರತಿಕಾಯಗಳು ರಕ್ತದಲ್ಲಿ ಕಂಡವು. ಅವರಲ್ಲಿ 95 ಮಂದಿ ಗಂಡಸರು. ಸೋಂಕು ತಗುಲಿಯೂ ಹಗುರಾಗಿ ದಾಟಿದ 663 ಮಂದಿಯಲ್ಲಿ ಒಬ್ಬರಿಗೂ ಅವು ಇರಲಿಲ್ಲ. ಕಟ್ಟುಮಸ್ತಾದ ಗಂಡಸು ಎಂಟು ದಿನದಲ್ಲಿ ಹೋಗಿ, ಅದೇ ಮನೆಯ ಮುದುಕಿ ಉಳಿದದ್ದಕ್ಕೆ ಇದೂ ಒಂದು ಕಾರಣವಿದ್ದೀತು ಎಂದು ಅದನ್ನು ಓದಿದಾಗ ಅನ್ನಿಸಿತು. ಆದರೆ ನಮ್ಮಂಥ ಪ್ರಯೋಗಾಲಯದಲ್ಲಿ ಅದನ್ನು ಅಳೆಯುವ ವ್ಯವಸ್ಥೆಯಿಲ್ಲ. ಡಬ್ಬ ಬಡಿಯಲು ಶುರುವಾದ ಮೇಲಿನ ಸದ್ದನ್ನಷ್ಟೇ ನಾವು ಅಳೆಯುವುದು.

ಆ ಸದ್ದು ಜೋರಾದಾಗ ಕೊಡುವ ಔಷಧದ ಕತೆ ಎಲ್ಲರಿಗೂ ಗೊತ್ತಿದೆ. ಆದರೆ ಅರ್ಧ ಮಾತ್ರ ಗೊತ್ತಿದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್‌ನ ಫಲಿತಾಂಶ ಹೇಳಿತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೆಯ ಒಂದು ಭಾಗದಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಐದನೆಯ ಒಂದು ಭಾಗದಷ್ಟು ತಗ್ಗಿತು. ಜನ ಕೇಳಿಸಿಕೊಂಡದ್ದು ಇಷ್ಟನ್ನು. ಆಮ್ಲಜನಕ ಬೇಕಿಲ್ಲದವರಲ್ಲಿ ಸ್ಟೀರಾಯ್ಡ್ ಪಡೆದವರ ಸಾವು ಶೇ 17.8, ಪಡೆಯದವರ ಸಾವು ಶೇ 14 ಎಂಬ ಸಾಲನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹಂದಿ ಹೋಗುವ ಮೊದಲೇ ಕಾವಲಿನವರನ್ನು ಮನೆಗೆ ಕಳುಹಿಸಿದರೆ ಆಗುವುದು ಅದೇ.

ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸಿದ್ದು ಮನೆ ಬಾಗಿಲಿಗೆ ಬರುತ್ತಿದ್ದ 'ಕೋವಿಡ್ ಪ್ಯಾಕೇಜ್'ಗಳು. ಸಿಆರ್‌ಪಿ, ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್, ಐಎಲ್-6, ಎಲ್ಲ ಸೇರಿ ಇಷ್ಟು ಸಾವಿರ. ಗಂಟಲು ಕೆರೆತ ಶುರುವಾದ ಮರುದಿನವೇ ಮಾಡಿಸಿದವರಿದ್ದರು. ಮೂರನೆಯ ದಿನ ಸಿಆರ್‌ಪಿ 18 ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಜ್ವರವಿದೆ ಎಂದಷ್ಟೇ ಅದರ ಅರ್ಥ. ಆದರೆ ಕಾಗದದ ಮೇಲೆ ಅದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ. ಆ ದಪ್ಪಕ್ಷರ ನೋಡಿ ಯಾರೋ ಸ್ಟೀರಾಯ್ಡ್ ಬರೆದುಕೊಟ್ಟರು, ವಾಟ್ಸ್‌ಆ್ಯಪಿನಲ್ಲಿ ಬಂದ ಚೀಟಿ ತೋರಿಸಿ ಜನ ತಾವೇ ತಂದುಕೊಂಡೂ ನುಂಗಿದರು. ಮೇ 3ರಂದು ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಹಗುರ ಕಾಯಿಲೆಯವರಿಗೆ ಸಿಟಿ ಸ್ಕ್ಯಾನ್ ಬೇಡ, ಈ ರಕ್ತ ಪರೀಕ್ಷೆಗಳೂ ಬೇಡ, ಮೊದಲ ದಿನಗಳಲ್ಲಿ ಸ್ಟೀರಾಯ್ಡ್ ತೆಗೆದುಕೊಂಡರೆ ವೈರಸ್ ಇನ್ನಷ್ಟು ಬೆಳೆಯುತ್ತದೆ ಎಂದು ಹೇಳಿದರು. ಅಷ್ಟರಲ್ಲಿ ತಡವಾಗಿತ್ತು. ಸಕ್ಕರೆ ಕಾಯಿಲೆಯವರಲ್ಲಿ ಸ್ಟೀರಾಯ್ಡ್ ಸಕ್ಕರೆಯನ್ನು ಎಲ್ಲಿಗೆ ಒಯ್ದಿತು, ಅದರ ಹಿಂದೆ ಕಪ್ಪು ಶಿಲೀಂಧ್ರ ಹೇಗೆ ಬಂತು ಎಂಬುದನ್ನು ರಾಜ್ಯವೇ ನೋಡಿದೆ. ಒಂದು ಬೇಡದ ಪರೀಕ್ಷೆಯಿಂದ ಕಳೆದುಹೋಗುವುದು ದುಡ್ಡು ಮಾತ್ರವಲ್ಲ ಎಂದು ನನಗೆ ಖಚಿತವಾದದ್ದು ಆಗ.

ಇನ್ನು ಅಳತೆಯ ಮಾನಗಳ ಗೋಳು. ನಮ್ಮ ಬೀದಿಯ ನಿವೃತ್ತ ಮೇಷ್ಟರು ಒಂದು ಬೆಳಿಗ್ಗೆ ನಡುಗುವ ಧ್ವನಿಯಲ್ಲಿ ಫೋನ್ ಮಾಡಿದರು. "ಮೊನ್ನೆ ಡಿ-ಡೈಮರ್ ಸೊನ್ನೆ ಪಾಯಿಂಟ್ ಆರು ಇತ್ತಮ್ಮ. ಇವತ್ತು ಬೇರೆ ಕಡೆ ಮಾಡಿಸಿದೆವು, ಐನೂರ ಎಂಬತ್ತು ಬಂದಿದೆ. ಸಾವಿರ ಪಟ್ಟು ಏರಿದೆ." ವರದಿಯ ಫೋಟೊ ಕಳಿಸಲು ಹೇಳಿದೆ. ಒಂದರಲ್ಲಿ ಮೈಕ್ರೋಗ್ರಾಂ ಲೆಕ್ಕ, ಇನ್ನೊಂದರಲ್ಲಿ ನ್ಯಾನೋಗ್ರಾಂ ಲೆಕ್ಕ. 0.6 ಮೈಕ್ರೋಗ್ರಾಂ ಎಂದರೆ 600 ನ್ಯಾನೋಗ್ರಾಂ. ಏರುವುದಿರಲಿ, ಒಂದಿಷ್ಟು ಇಳಿದೇ ಇತ್ತು. ಸಾಲದ್ದಕ್ಕೆ ಡಿ-ಡೈಮರ್ ವರದಿ ಮಾಡುವ ಎರಡು ಪದ್ಧತಿಗಳಿವೆ, ಒಂದರ ಅಂಕಿ ಇನ್ನೊಂದರ ಸುಮಾರು ಎರಡರಷ್ಟಿರುತ್ತದೆ. ರಕ್ತ ಹೆಪ್ಪುಗಟ್ಟಿ ಕರಗಿದಾಗ ಉಳಿಯುವ ಚೂರುಗಳನ್ನು ಅಳೆಯುವ ಈ ಪರೀಕ್ಷೆ ವಯಸ್ಸಾದಂತೆ ತಾನೇ ಏರುತ್ತದೆ. ಐವತ್ತು ದಾಟಿದವರಿಗೆ ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ನೋಡುವಾಗ ವಯಸ್ಸನ್ನು ಹತ್ತರಿಂದ ಗುಣಿಸಿ ಮಿತಿ ಇಟ್ಟುಕೊಳ್ಳುವ ರೂಢಿಯಿದೆ. ಆ ಲೆಕ್ಕದಲ್ಲಿ ಎಪ್ಪತ್ತೆರಡರ ಮೇಷ್ಟರಿಗೆ 580 ಏನೂ ಅಲ್ಲ. ಇಷ್ಟು ವಿವರಿಸಿದ ಮೇಲೆ ಅವರು ಫೋನಿನಲ್ಲೇ ಅತ್ತರು. ಎರಡು ದಿನ ಊಟ ಬಿಟ್ಟಿದ್ದರಂತೆ.

ಫೆರಿಟಿನ್ ಬಗ್ಗೆ ಒಂದೇ ಮಾತು. ಇದು ಕಬ್ಬಿಣ ಕೂಡಿಡುವ ಪ್ರೋಟೀನ್, ಉರಿಯೂತದಲ್ಲಿ ಏರುತ್ತದೆ. ಆದರೆ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಮಾಮೂಲಾಗಿ ಹತ್ತು, ಹನ್ನೆರಡರಷ್ಟೇ ಇರುತ್ತದೆ. ಅಂಥವಳಿಗೆ 140 ಬಂದರೆ ಯಂತ್ರ 'ನಾರ್ಮಲ್' ಎಂದು ಅಚ್ಚು ಹಾಕುತ್ತದೆ. ಹತ್ತು ಪಟ್ಟಿಗೂ ಮೀರಿ ಏರಿದೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು?

ದೊಡ್ಡಮ್ಮನಿಗೆ ಡೆಕ್ಸಾಮೆಥಾಸೋನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಆಮ್ಲಜನಕ ನಡೆದಿತ್ತು. ಸಿಆರ್‌ಪಿ 112ರಿಂದ 71ಕ್ಕೆ, ಅಲ್ಲಿಂದ 30ಕ್ಕೆ ಇಳಿಯಿತು. ನಾಲ್ಕನೆಯ ದಿನ ತಮ್ಮ ಗಾಬರಿಯಿಂದ ಫೋನ್ ಮಾಡಿದ. "ಅಕ್ಕಾ, ಬಿಳಿ ಕಣ ಹದಿನೈದು ಸಾವಿರಕ್ಕೆ ಏರಿದೆಯಂತೆ. ಬೇರೆ ಸೋಂಕು ಸೇರಿಕೊಂಡಿತೇ?" ಸ್ಟೀರಾಯ್ಡ್ ಕೊಟ್ಟಾಗ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ನ್ಯೂಟ್ರೋಫಿಲ್‌ಗಳು ಬಿಡಿಸಿಕೊಂಡು ಹರಿವಿಗೆ ಇಳಿಯುತ್ತವೆ, ಮಜ್ಜೆಯಿಂದಲೂ ಇನ್ನಷ್ಟು ಹೊರಬರುತ್ತವೆ. ಲಿಂಫೋಸೈಟ್‌ಗಳನ್ನು ಅದೇ ಔಷಧ ಇನ್ನಷ್ಟು ಇಳಿಸುತ್ತದೆ. ದಾಖಲಾದ ರಾತ್ರಿ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದ ಅನುಪಾತ ಈಗ ಕಾಯಿಲೆಯ ಮಾತನ್ನೂ ಔಷಧದ ಮಾತನ್ನೂ ಕಲಸಿ ಹೇಳುತ್ತಿತ್ತು. ಸ್ಲೈಡ್ ನೋಡಿದೆ. ಸೋಂಕು ಹೊಕ್ಕಾಗ ಕಾಣುವ ಎಳೆಯ ಕಣಗಳು, ದಪ್ಪ ಹರಳುಗಳು ಇರಲಿಲ್ಲ. ಪ್ರೊಕ್ಯಾಲ್ಸಿಟೋನಿನ್ 0.08. ಬ್ಯಾಕ್ಟೀರಿಯಾದ ದಾಳಿಯಲ್ಲಿ ಏರುವ, ಬರಿಯ ವೈರಸ್ಸಿನ ದಾಳಿಯಲ್ಲಿ ಸಾಮಾನ್ಯವಾಗಿ ತಗ್ಗಿಯೇ ಇರುವ ಲೆಕ್ಕ ಅದು. ಡಾಕ್ಟರು ಆ್ಯಂಟಿಬಯೋಟಿಕ್ ಬದಲಿಸಲಿಲ್ಲ. ಹದಿನೈದನೆಯ ದಿನದ ಹೊತ್ತಿಗೆ ದೊಡ್ಡಮ್ಮ ಎದ್ದು ಕುಳಿತು, ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲ ಎಂದರು.

ಈಗ ಆ ಇನ್ನೊಬ್ಬರ ವಿಷಯ.

ನಲವತ್ತೊಂದು ವರ್ಷ. ಟ್ರ್ಯಾಕ್ಟರ್ ರಿಪೇರಿ ಮಾಡುವವರು. ದೊಡ್ಡಮ್ಮನಿಗಿಂತ ಎರಡು ದಿನ ಮೊದಲು ದಾಖಲಾಗಿದ್ದರು. ಸಿಆರ್‌ಪಿ 140. ಸ್ಟೀರಾಯ್ಡ್ ಕೊಟ್ಟರೂ ಆಮ್ಲಜನಕದ ಅಗತ್ಯ ಏರುತ್ತಲೇ ಹೋದಾಗ ಟೋಸಿಲಿಜುಮ್ಯಾಬ್ ಕೊಟ್ಟರು. ಮನೆಯವರು ಹತ್ತಾರು ಸಾವಿರ ರೂಪಾಯಿ ಹೊಂದಿಸಿ, ಎಲ್ಲೆಲ್ಲೋ ಅಲೆದು ತಂದ ಔಷಧ. ಆಮ್ಲಜನಕ ಸಾಲದೆ ಸಿಆರ್‌ಪಿ 75 ಅಥವಾ ಅದಕ್ಕಿಂತ ಹೆಚ್ಚಿದ್ದ ನಾಲ್ಕು ಸಾವಿರ ಚಿಲ್ಲರೆ ಮಂದಿಯಲ್ಲಿ ರಿಕವರಿ ಪ್ರಯೋಗ ಇದನ್ನೂ ಪರೀಕ್ಷಿಸಿತ್ತು. ಸಾವು ಶೇ 35ರಿಂದ 31ಕ್ಕೆ ಇಳಿದಿತ್ತು. ಆದ್ದರಿಂದ ಕೊಟ್ಟದ್ದು ಸರಿಯಾಗಿಯೇ ಇತ್ತು.

ಅವರ ಹೆಂಡತಿ ವರದಿಯ ಕೆಳಗೆ ಅಚ್ಚಾಗಿದ್ದ ಪ್ರಯೋಗಾಲಯದ ನಂಬರಿಗೆ ದಿನವೂ ಫೋನ್ ಮಾಡುತ್ತಿದ್ದರು. ವಾರ್ಡಿನಲ್ಲಿ ಫೋನ್ ಎತ್ತುವವರಿರಲಿಲ್ಲ, ಒಳಗೆ ಬಿಡುತ್ತಿರಲಿಲ್ಲ. ಅವರಿಗೆ ಗಂಡನ ಸುದ್ದಿ ಎಂದರೆ ನಾನು ಹೇಳುವ ಅಂಕಿ. 140 ಆದದ್ದು 60, ಆಮೇಲೆ 12. "ಇಳಿಯುತ್ತಿದೆ, ಧೈರ್ಯವಾಗಿರಿ" ಎಂದು ನಾನು ಹೇಳಿದೆ. ಹಾಗೆ ಹೇಳುವ ಹಕ್ಕು ನನಗಿರಲಿಲ್ಲ. ಹೇಳದೆ ಇರಲೂ ಆಗಲಿಲ್ಲ.

ಟೋಸಿಲಿಜುಮ್ಯಾಬ್ ಮಾಡುವ ಕೆಲಸವೇ ಐಎಲ್-6 ಸಂದೇಶ ಮುಟ್ಟುವ ಬಾಗಿಲನ್ನು ಮುಚ್ಚುವುದು. ಬಾಗಿಲು ಮುಚ್ಚಿದ ಮೇಲೆ ಯಕೃತ್ತಿಗೆ ಏನೂ ಕೇಳಿಸುವುದಿಲ್ಲ. ಕೇಳಿಸದ ಯಕೃತ್ತು ಸಿಆರ್‌ಪಿ ತಯಾರಿಸುವುದಿಲ್ಲ. ಒಳಗೆ ಶಾಂತಿಯಿದ್ದರೂ ಅಂಕಿ ಇಳಿಯುತ್ತದೆ, ಇಲ್ಲದಿದ್ದರೂ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಐಎಲ್-6 ಅಳೆದರೆ ಅದು ಮೊದಲಿಗಿಂತ ಏರಿರುತ್ತದೆ, ಮುಚ್ಚಿದ ಬಾಗಿಲ ಹೊರಗೆ ಪತ್ರಗಳು ರಾಶಿ ಬಿದ್ದ ಹಾಗೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದರೆ ಉತ್ತರಿಸುತ್ತಿದ್ದೆ. ಆ ಹೆಣ್ಣುಮಗಳ ಧ್ವನಿಯ ಎದುರು ಅದು ನೆನಪಿಗೆ ಬರಲಿಲ್ಲ.

ದಾಖಲಾದ ಹನ್ನೆರಡನೆಯ ದಿನ ಅವರ ಸ್ಲೈಡಿನಲ್ಲಿ ಎಳೆಯ ನ್ಯೂಟ್ರೋಫಿಲ್‌ಗಳು ಕಂಡವು. ಅವುಗಳ ಮೈತುಂಬ ಕಡುನೀಲಿ ಹರಳುಗಳು. ಪ್ರೊಕ್ಯಾಲ್ಸಿಟೋನಿನ್ 6. ಸಿಆರ್‌ಪಿ ಮೂರು. ನಾನು ವಾರ್ಡಿಗೆ ಓಡಿಹೋಗಿ ಬಾಗಿಲಲ್ಲಿ ನಿಂತು ಹೇಳಿದೆ. ಡಾಕ್ಟರಿಗೆ ಉಸಿರು ನೋಡಿಯೇ ಗೊತ್ತಾಗಿತ್ತು, ಅದಾಗಲೇ ಬ್ಲಡ್ ಕಲ್ಚರ್‌ಗೆ ರಕ್ತ ಕಳಿಸಿದ್ದರು. ಎರಡು ದಿನದ ಮೇಲೆ ಅದರಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಆ ಹೊತ್ತಿಗೆ ಅವರು ಇರಲಿಲ್ಲ.

ಒಂದು ವಾರ ಬಿಟ್ಟು ಅವರ ಹೆಂಡತಿ ಫೋನ್ ಮಾಡಿದರು. ಜಗಳಕ್ಕಲ್ಲ. "ಮೇಡಂ, ಕಾಗದಗಳನ್ನು ಜೋಡಿಸಿಡುತ್ತಿದ್ದೆ. ಕೊನೆಯದರಲ್ಲಿ ಸಿಆರ್‌ಪಿ ಮೂರು ಎಂದಿದೆ. ಮೂರು ಎಂದರೆ ನಾರ್ಮಲ್ ಅಲ್ಲವೇ?" ನಾನು ಹೌದು ಎಂದೆ. ಆಮೇಲೆ ಬಾಗಿಲು ಮುಚ್ಚಿದ ವಿಷಯವನ್ನು, ನಾನು ಅವರಿಗೆ ಹೇಳಬೇಕಿದ್ದದ್ದು ಏನೆಂಬುದನ್ನು ನನಗೆ ತಿಳಿದ ಹಾಗೆ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಆಗಲಿ ಮೇಡಂ, ಗೊತ್ತಾಯಿತು" ಎಂದು ಇಟ್ಟರು.

ಇದಾದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಸ್ಯಾಂಪಲ್ ಜೊತೆ ಬರುವ ಚೀಟಿಯಲ್ಲಿ ಹೆಸರು, ವಯಸ್ಸು, ವಾರ್ಡು, ಹಾಸಿಗೆಯ ಸಂಖ್ಯೆ, ರಕ್ತ ತೆಗೆದ ವೇಳೆ ಬರೆಯಲು ಜಾಗವಿದೆ. ಜ್ವರ ಶುರುವಾಗಿ ಎಷ್ಟು ದಿನವಾಯಿತು, ಯಾವ ಔಷಧ ನಡೆದಿದೆ ಎಂದು ಬರೆಯಲು ಜಾಗವಿಲ್ಲ. ತೀವ್ರ ನ್ಯುಮೋನಿಯಾ ಎಂದು ಕಂಡಾಗ ಫೋನ್ ಮಾಡಿ ಕೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಮೂವತ್ತನಾಲ್ಕು ವರ್ಷದವರೊಬ್ಬರ ಟ್ಯೂಬುಗಳು ಬಂದವು. ಎಚ್1ಎನ್1 ಫ್ಲೂ. ಲಿಂಫೋಸೈಟ್ ಶೇ 9, ಸಿಆರ್‌ಪಿ 88. ವಾರ್ಡಿಗೆ ಫೋನ್ ಮಾಡಿದೆ.

"ಸಿಸ್ಟರ್, ಇವರಿಗೆ ಜ್ವರ ಶುರುವಾಗಿ ಇದು ಎಷ್ಟನೆಯ ದಿನ?"

"ತಡೆಯಿರಿ ಮೇಡಂ, ಅವರ ಮನೆಯವರು ಹೊರಗಿದ್ದಾರೆ. ಕೇಳಿ ಹೇಳುತ್ತೇನೆ."

ರಿಸೀವರ್ ಮೇಜಿನ ಮೇಲಿಟ್ಟ ಸದ್ದು ಬಂತು. ಅದರ ಹಿಂದೆ ಆಮ್ಲಜನಕದ ಬಾಟಲಿಯ ಗುಳುಗುಳು, ಯಾರದೋ ಕೆಮ್ಮು, ಕಾರಿಡಾರಿನಲ್ಲಿ ದೂರ ಸರಿದು ಮತ್ತೆ ಹತ್ತಿರ ಬಂದ ಚಪ್ಪಲಿಯ ಸಪ್ಪಳ.

"ನಾಲ್ಕನೆಯ ದಿನ ಮೇಡಂ. ಒಸೆಲ್ಟಾಮಿವಿರ್ ನಿನ್ನೆ ಶುರುವಾಗಿದೆ. ಸ್ಟೀರಾಯ್ಡ್ ಕೊಟ್ಟಿಲ್ಲ."

ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ 4 ಎಂದು ಬರೆದುಕೊಂಡು, ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟೆ.